ನಾಣ್ಯದ ಡಬ್ಬಿ ಮತ್ತೆ ಬಂತು

1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್ ಎಂಬ ಊರಿನ ಬಾರೊಂದರಲ್ಲಿ ಹೊಸ ಯಂತ್ರವನ್ನು ತಂದಿಟ್ಟರು. ಮರದ ಪೆಟ್ಟಿಗೆ, ಒಳಗೊಂದು ಕಪ್ಪು-ಬಿಳುಪು ಟಿವಿ, ತಿರುಗಿಸಲು ಎರಡು ಗುಂಡಿ. ಪರದೆಯ ಮೇಲೆ ಎರಡು ಬಿಳಿ ಗೀಟು, ಅವುಗಳ ನಡುವೆ ಪುಟಿಯುವ ಒಂದು ಚುಕ್ಕೆ. ಆಟದ ಹೆಸರು ‘ಪಾಂಗ್’, ಮಾಡಿದ್ದು ಆಗಷ್ಟೇ ಕಣ್ಣು ಬಿಟ್ಟಿದ್ದ ಅಟಾರಿ ಕಂಪನಿ. ಸ್ವಲ್ಪ ದಿನಗಳಲ್ಲೇ ಯಂತ್ರ ಕೆಟ್ಟಿದೆ ಎಂದು ಬಾರಿನವರು ಫೋನ್ ಮಾಡಿದರು. ಅದನ್ನು ರೂಪಿಸಿದ್ದ ಎಂಜಿನಿಯರ್ ಅಲನ್ ಆಲ್ಕಾರ್ನ್ ಹೋಗಿ ಬಾಗಿಲು ತೆಗೆದು ನೋಡಿದರೆ ಕೆಟ್ಟದ್ದೇನೂ ಇರಲಿಲ್ಲ. ನಾಣ್ಯಗಳು ಡಬ್ಬಿ ತುಂಬಿ ಉಕ್ಕಿ, ಇನ್ನೊಂದು ಕಾಸು ಇಳಿಯಲೂ ಜಾಗವಿಲ್ಲದೆ ಯಂತ್ರ ನಿಂತುಹೋಗಿತ್ತು.

ಆಟದ ಉದ್ಯಮದವರು ಈ ಕಥೆಯನ್ನು ಹೇಳಿ ಹೇಳಿ ನಾಣ್ಯದಂತೆಯೇ ಸವೆಸಿದ್ದಾರೆ. ಆದರೂ ಅದಿನ್ನೂ ಚಲಾವಣೆಯಲ್ಲಿದೆ.

ಈಗ ಆ ಡಬ್ಬಿಗೆ ಜಗತ್ತಿನಾದ್ಯಂತ ವರ್ಷಕ್ಕೆ ಬೀಳುವ ಹಣ ಸುಮಾರು 18,000 ಕೋಟಿ ಡಾಲರ್. 2023ರಲ್ಲಿ ಭೂಮಿಯ ಮೇಲಿನ ಎಲ್ಲ ಚಿತ್ರಮಂದಿರಗಳ ಟಿಕೆಟ್ ಗಳಿಕೆ ಸುಮಾರು 3,400 ಕೋಟಿ ಡಾಲರ್ ಇತ್ತು. ಧ್ವನಿಮುದ್ರಿತ ಸಂಗೀತದ ವ್ಯಾಪಾರ ಸುಮಾರು 2,860 ಕೋಟಿ. ಎರಡನ್ನೂ ಕೂಡಿಸಿದರೂ ಆಟದ ಗಳಿಕೆಯ ಅರ್ಧ ಮುಟ್ಟುವುದಿಲ್ಲ. ಈ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಬರುವುದು ಮೊಬೈಲ್ ಫೋನಿನಿಂದ. ಒಗಟು ಇರುವುದೇ ಅಲ್ಲಿ, ಏಕೆಂದರೆ ಮೊಬೈಲಿನ ಬಹುತೇಕ ಆಟಗಳು ಬಿಟ್ಟಿ. ಬಿಟ್ಟಿ ಹಂಚುವ ಸಾಮಾನಿನಿಂದ ಇಷ್ಟು ದುಡ್ಡು ಹುಟ್ಟುವುದು ಹೇಗೆ ಎಂದು ತಿಳಿಯಲು, ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಕಾಲಕ್ಕೆ ಒಮ್ಮೆ ಹೋಗಿಬರಬೇಕು.

ನಾಣ್ಯದ ಯಂತ್ರಗಳ ಲೆಕ್ಕ ಸರಳವಾಗಿತ್ತು. ಒಂದು ನಾಣ್ಯ, ಕೆಲವು ನಿಮಿಷ. ಆಟಗಾರ ಬೇಗ ಸೋತರೆ ಅಂಗಡಿಗೆ ಲಾಭ. ತೀರಾ ಬೇಗ ಸೋತರೆ ಅವನು ಬೇಸತ್ತು ಮನೆಗೆ ಹೋಗುತ್ತಾನೆ. ಈ ಎರಡರ ನಡುವಿನ ಕೂದಲೆಳೆಯ ಅಂತರದಲ್ಲಿ ‘ಸ್ಪೇಸ್ ಇನ್‌ವೇಡರ್ಸ್’, ‘ಪ್ಯಾಕ್‌ಮ್ಯಾನ್’ ಮುಂತಾದವು ಹುಟ್ಟಿದವು. ಕರ್ನಾಟಕದ ಪೇಟೆಗಳಿಗೆ ವಿಡಿಯೊ ಗೇಮ್ ಪಾರ್ಲರುಗಳು ಕಾಲಿಟ್ಟದ್ದು ಬಹಳ ತಡವಾಗಿ. ಅಲ್ಲಿ ಚಿಲ್ಲರೆ ಕೊಟ್ಟು, ಇನ್ನೊಂದು ‘ಲೈಫ್’ಗಾಗಿ ಜೇಬು ತಡಕಿದ ಹುಡುಗರು ಈಗ ನಡುವಯಸ್ಸಿನವರು. ಮನೆಯಲ್ಲಿ ‘ಟಿವಿ ಗೇಮ್’ ಇದ್ದವರು ಮಾರಿಯೊ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮತ್ತೆ ತುರುಕಿದ್ದನ್ನೂ ಮರೆತಿರಲಾರರು.

ಆ ಕ್ಯಾಸೆಟ್ಟಿನ ಹಿಂದೆ ಒಂದು ದಿವಾಳಿಯ ಕಥೆಯಿದೆ. ಅಟಾರಿ 1977ರಲ್ಲಿ ಮನೆಯ ಟಿವಿಗೆ ಜೋಡಿಸುವ ಯಂತ್ರ ತಂದು, ಆಟಗಳನ್ನು ಬೇರೆ ಬೇರೆ ಕಾರ್ಟ್ರಿಜ್‌ಗಳಲ್ಲಿ ಮಾರತೊಡಗಿತು. ಆಟ ಈಗ ಅಂಗಡಿಯಲ್ಲಿ ಸಿಗುವ ಸಾಮಾನಾಯಿತು. ಆಟ ಬರೆದವರ ಹೆಸರನ್ನು ಮಾತ್ರ ಕಂಪನಿ ಎಲ್ಲೂ ಹಾಕುತ್ತಿರಲಿಲ್ಲ. ಸಿಟ್ಟಾದ ನಾಲ್ವರು ಪ್ರೋಗ್ರಾಮರ್‌ಗಳು ಹೊರಬಂದು 1979ರಲ್ಲಿ ಆ್ಯಕ್ಟಿವಿಷನ್ ಕಂಪನಿ ಕಟ್ಟಿ, ಅಟಾರಿಯ ಯಂತ್ರಕ್ಕೆ ತಾವೇ ಆಟ ಮಾಡಿ ಮಾರಿದರು. ಅವರನ್ನು ತಡೆಯುವ ದಾರಿ ಅಟಾರಿಗೆ ಸಿಗಲಿಲ್ಲ. ದಾರಿ ತೆರೆದದ್ದೇ ತಡ, ಸಿಕ್ಕಸಿಕ್ಕವರೆಲ್ಲ ಆಟ ಮಾಡಿ ಅಂಗಡಿಗಳಲ್ಲಿ ಸುರಿದರು.

1982ರ ಕ್ರಿಸ್‌ಮಸ್ಸಿಗೆ ಅಟಾರಿ ‘ಇ.ಟಿ.’ ಸಿನಿಮಾದ ಹೆಸರಿನಲ್ಲಿ ಒಂದು ಆಟ ಬಿಟ್ಟಿತು. ಸಿನಿಮಾದ ಹಕ್ಕಿಗೆ ಕೋಟಿಗಟ್ಟಲೆ ಡಾಲರ್ ಸುರಿದ ಕಂಪನಿ, ಆಟ ಮಾಡಲು ಹೊವರ್ಡ್ ಸ್ಕಾಟ್ ವಾರ್ಷಾಗೆ ಕೊಟ್ಟದ್ದು ಸುಮಾರು ಐದು ವಾರ. ಆಟದಲ್ಲಿ ಆ ಪಾಪದ ಪ್ರಾಣಿ ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತಿತ್ತು. ಕಂಪನಿಯೂ ಬಿತ್ತು. ಮಾರಾಟವಾಗದ ಸರಕನ್ನು ಟ್ರಕ್ಕುಗಳಲ್ಲಿ ತುಂಬಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. ಇದು ಬರೀ ಕಟ್ಟುಕತೆ ಎನ್ನುತ್ತಿದ್ದವರ ಎದುರೇ 2014ರಲ್ಲಿ ಅಗೆದು ತೆಗೆದರು. ಅಮೆರಿಕದಲ್ಲಿ 320 ಕೋಟಿ ಡಾಲರಿನಷ್ಟಿದ್ದ ಮನೆಯಾಟದ ವ್ಯಾಪಾರ 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಇಳಿಯಿತು. ಆಟಿಕೆ ಅಂಗಡಿಯವರು ವಿಡಿಯೊ ಗೇಮ್ ಎಂದರೆ ಕೈ ಮುಗಿಯುತ್ತಿದ್ದರು.

ಆ ಬೂದಿಯಲ್ಲಿ ಹೊಸ ಮನೆ ಕಟ್ಟಿದ್ದು ಮಾರಿಯೊನನ್ನು ಮಾಡಿದ ಜಪಾನಿನ ಕ್ಯೋಟೊ ನಗರದ ನಿಂಟೆಂಡೊ. 1889ರಲ್ಲಿ ಇಸ್ಪೀಟಿನಂಥ ‘ಹನಫುದ’ ಎಲೆಗಳನ್ನು ತಯಾರಿಸಲು ಹುಟ್ಟಿದ ಈ ಕಂಪನಿಗೆ ಆಟದ ಕಟ್ಟೆಯ ಮರ್ಮ ಹಳೆಯದು. ಅಟಾರಿಯ ತಪ್ಪಿನಿಂದ ಅದು ಕಲಿತದ್ದು ಒಂದೇ ಪಾಠ: ಬಾಗಿಲಿಗೆ ಬೀಗ ಬೇಕು. ಅಮೆರಿಕಕ್ಕೆ ಕಳಿಸಿದ ಯಂತ್ರದೊಳಗೆ ಒಂದು ಬೀಗದ ಚಿಪ್ ಇಟ್ಟಿತು. ಅದಕ್ಕೆ ಹೊಂದುವ ಕೀಲಿ ಚಿಪ್ ಇಲ್ಲದ ಕ್ಯಾಸೆಟ್ ಓಡುವುದಿಲ್ಲ. ಕೀಲಿ ಬೇಕೆಂದರೆ ನಿಂಟೆಂಡೊದ ಪರವಾನಗಿ ಪಡೆಯಬೇಕು, ಕ್ಯಾಸೆಟ್‌ಗಳನ್ನು ಅದರ ಕೈಯಿಂದಲೇ ಮಾಡಿಸಬೇಕು, ಮಾಡಿಸಿದ್ದಕ್ಕೆ ಮುಂಗಡ ಕಟ್ಟಬೇಕು, ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರಬಾರದು. ಆಟ ಮಾರಿ ಹೋದರೂ, ಅಂಗಡಿಯಲ್ಲಿ ಕೊಳೆತರೂ ನಿಂಟೆಂಡೊದ ಪಾಲು ಮೊದಲೇ ಬಂದಾಗಿರುತ್ತಿತ್ತು.

ಬೆಂಗಳೂರಿನ ಸುಂಕದಕಟ್ಟೆಗೆ ಆ ಹೆಸರು ಏಕೆ ಬಂತೆಂದು ಯೋಚಿಸಿದವರಿಗೆ ಈ ವ್ಯಾಪಾರ ಥಟ್ಟನೆ ಅರ್ಥವಾಗುತ್ತದೆ. ಸರಕು ಯಾರದ್ದೇ ಇರಲಿ, ಗಾಡಿ ಊರೊಳಗೆ ಬರಬೇಕಾದರೆ ಕಟ್ಟೆಯಲ್ಲಿ ಸುಂಕ ಕೊಡಬೇಕು. ಅಂದಿನಿಂದ ಇಂದಿನವರೆಗೆ ವಿಡಿಯೊ ಗೇಮ್ ಉದ್ಯಮದ ನಿಜವಾದ ಪೈಪೋಟಿ ನಡೆದಿರುವುದು ಆ ಕಟ್ಟೆಯ ಮೇಲೆ ಯಾರು ಕೂರಬೇಕು ಎಂಬುದಕ್ಕೆ. ಎಕ್ಸ್‌ಬಾಕ್ಸ್ ಯಂತ್ರ ಮಾರಿ ಕಂಪನಿ ಎಂದೂ ಲಾಭ ಕಂಡಿಲ್ಲ ಎಂದು ಮೈಕ್ರೊಸಾಫ್ಟಿನ ಅಧಿಕಾರಿಯೇ 2021ರಲ್ಲಿ ನ್ಯಾಯಾಲಯದಲ್ಲಿ ಹೇಳಿದರು. ಅಚ್ಚರಿಯೇನಿಲ್ಲ, ಯಂತ್ರ ಎಂಬುದು ಕಟ್ಟೆ ಕಟ್ಟುವ ಖರ್ಚು. ಲಾಭ ಸುಂಕದಲ್ಲಿದೆ. 2003ರಲ್ಲಿ ಕಂಪ್ಯೂಟರ್ ಆಟಗಳಿಗೆಂದು ವಾಲ್ವ್ ಕಂಪನಿ ತೆರೆದ ‘ಸ್ಟೀಮ್’ ಅಂಗಡಿ, 2008ರಲ್ಲಿ ಆ್ಯಪಲ್ ತೆರೆದ ಆ್ಯಪ್ ಸ್ಟೋರ್, ಎಲ್ಲ ಕಡೆಯೂ ರೂಢಿಯಾದ ದರ ನೂರಕ್ಕೆ 30.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ಗಾದೆ. ಎಪಿಕ್ ಗೇಮ್ಸ್ ಹೇಳಿಕೊಳ್ಳಲಿಲ್ಲ, ಜಗಳಕ್ಕೇ ನಿಂತಿತು. 2020ರ ಆಗಸ್ಟ್ 13ರಂದು ತನ್ನ ‘ಫೋರ್ಟ್‌ನೈಟ್’ ಆಟದೊಳಗೆ ಆ್ಯಪಲ್‌ಗೆ ಪಾಲು ಕೊಡದೆ ಹಣ ಕಟ್ಟುವ ಗುಂಡಿಯೊಂದನ್ನು ಸೇರಿಸಿತು. ಆ್ಯಪಲ್ ದಾರಿಯಲ್ಲಿ 9.99 ಡಾಲರ್ ಇದ್ದ ಆಟದ ನಾಣ್ಯಗಳು ನೇರ ಕೊಂಡರೆ 7.99. ಅದೇ ದಿನ ಆ್ಯಪಲ್, ಹಿಂದೆಯೇ ಗೂಗಲ್, ಆಟವನ್ನು ತಮ್ಮ ಅಂಗಡಿಯಿಂದ ಕಿತ್ತುಹಾಕಿದವು. ಎಪಿಕ್ ಮೊದಲೇ ಬರೆದಿಟ್ಟುಕೊಂಡಿದ್ದ ದಾವೆಯನ್ನು ಅದೇ ದಿನ ಹೂಡಿತು. ಗೂಗಲ್ ವಿರುದ್ಧ 2023ರ ಡಿಸೆಂಬರಿನಲ್ಲಿ ಎಪಿಕ್ ಗೆದ್ದಿತು. ಆ್ಯಪಲ್ ಎದುರು ಮೊದಲಿಗೆ ಬಹುತೇಕ ಸೋತರೂ, 2025ರ ಏಪ್ರಿಲಿನಲ್ಲಿ ನ್ಯಾಯಾಲಯ ತನ್ನ ಹಿಂದಿನ ಆದೇಶವನ್ನು ಆ್ಯಪಲ್ ಬೇಕೆಂದೇ ಮೀರಿದೆ ಎಂದು ಗದರಿತು. ಮುಂದಿನ ತಿಂಗಳು ಫೋರ್ಟ್‌ನೈಟ್ ಅಮೆರಿಕದ ಐಫೋನುಗಳಿಗೆ ಮರಳಿತು. ಕಟ್ಟೆ ಬಿದ್ದಿಲ್ಲ, ಬಿರುಕು ಬಿಟ್ಟಿದೆ.

ಅಷ್ಟಕ್ಕೂ ಅವರು ಬಡಿದಾಡಿದ ಆ ‘ಆಟದ ನಾಣ್ಯ’ ಎಂದರೇನು? ಬಿಟ್ಟಿ ಆಟದ ಒಗಟಿಗೆ ಉತ್ತರ ಅಲ್ಲಿದೆ.

2006ರಲ್ಲಿ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಆಟದ ಕುದುರೆಗೆ ತೊಡಿಸುವ ಕವಚವೊಂದನ್ನು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಿತು. ಪೂರ್ತಿ ದುಡ್ಡು ಕೊಟ್ಟು ಕೊಂಡ ಆಟದಲ್ಲಿ ಕುದುರೆಯ ಅಂಗಿಗೆ ಬೇರೆ ದುಡ್ಡೇ ಎಂದು ಜನ ನಕ್ಕರು, ಬೈದರು. ಬೈದವರಲ್ಲೂ ಎಷ್ಟೋ ಮಂದಿ ಕೊಂಡರು. 2025ರಲ್ಲಿ ಅದೇ ಆಟ ಹೊಸ ರೂಪದಲ್ಲಿ ಬಂದಾಗ, ಹೆಚ್ಚು ಬೆಲೆಯ ಆವೃತ್ತಿಯಲ್ಲಿ ಕುದುರೆಗೆ ಹೊಸ ಕವಚವೂ ಇತ್ತು. ಈ ಸಲ ಯಾರೂ ನಗಲಿಲ್ಲ, ಅಷ್ಟು ಹೊತ್ತಿಗೆ ಇಡೀ ಉದ್ಯಮವೇ ಆ ಕುದುರೆ ಏರಿತ್ತು.

ಫೋರ್ಟ್‌ನೈಟ್ ಆಡಲು ಒಂದು ಪೈಸೆ ಕೊಡಬೇಕಿಲ್ಲ. ಕೊಂಡ ಬಟ್ಟೆಯಿಂದ ಬಂದೂಕಿನ ಗುರಿಯೇನೂ ನೇರವಾಗುವುದಿಲ್ಲ. ಆದರೂ ಆಟದ ಪಾತ್ರಕ್ಕೆ ತೊಡಿಸುವ ವೇಷ (ಮಕ್ಕಳ ಮಾತಿನಲ್ಲಿ ‘ಸ್ಕಿನ್’), ಗೆದ್ದಾಗ ಕುಣಿಯುವ ಕುಣಿತ ಇಂಥವನ್ನು ಮಾರಿಯೇ 2018 ಮತ್ತು 2019ರ ಎರಡೇ ವರ್ಷಗಳಲ್ಲಿ ಆ ಆಟ 900 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು ಎಂದು ನ್ಯಾಯಾಲಯದ ಕಾಗದಗಳು ಹೇಳುತ್ತವೆ. ಮದುವೆ ಮನೆಗೆ ಹಳೆ ಸೀರೆಯಲ್ಲಿ ಹೋಗಲು ಹಿಂಜರಿಯುವ ಯಾರಿಗೂ ಈ ಮನಸ್ಸು ಅರ್ಥವಾಗದ್ದಲ್ಲ. ನೂರು ಜನ ನೋಡುವ ಜಾಗದಲ್ಲಿ ಬಿಟ್ಟಿ ವೇಷದಲ್ಲಿ ನಿಲ್ಲುವುದು ಹನ್ನೆರಡರ ಹುಡುಗನಿಗೆ ಅವಮಾನ.

ಹಣ ನೇರವಾಗಿ ಹಣವಾಗಿ ಕಾಣದಂತೆ ನೋಡಿಕೊಳ್ಳುವುದು ಈ ವ್ಯಾಪಾರದ ಇನ್ನೊಂದು ಜಾಣತನ. ರೂಪಾಯಿ ಕೊಟ್ಟು ಮೊದಲು ಆಟದ ನಾಣ್ಯ ಕೊಳ್ಳಬೇಕು. ಫೋರ್ಟ್‌ನೈಟ್‌ನಲ್ಲಿ ಅದು ‘ವಿ-ಬಕ್ಸ್’, ನಮ್ಮ ಹುಡುಗರು ಆಡುವ ಬಿಜಿಎಂಐನಲ್ಲಿ ‘ಯುಸಿ’. ಜಾತ್ರೆಯಲ್ಲಿ ತೊಟ್ಟಿಲಾಟಕ್ಕೆ ಟೋಕನ್ ಕೊಂಡಂತೆ. ಟೋಕನ್ ಕೈಗೆ ಬಂದ ಮೇಲೆ ಅದು ಖರ್ಚು ಅನ್ನಿಸುವುದಿಲ್ಲ, ಉಳಿದ ಎರಡು ಟೋಕನ್ನಿಗಾಗಿ ಇನ್ನೊಂದು ಸುತ್ತು ಹೋಗಬೇಕೆನಿಸುತ್ತದೆ. ಬಿಟ್ಟಿ ಆಡುವವರಲ್ಲಿ ಬಹುಪಾಲು ಜನ ಏನನ್ನೂ ಕೊಳ್ಳುವುದಿಲ್ಲ. ಕೊಳ್ಳುವ ಬೆರಳೆಣಿಕೆಯವರು ಎಲ್ಲರ ಪರವಾಗಿ ಕೊಳ್ಳುತ್ತಾರೆ. ಅತಿ ಹೆಚ್ಚು ಖರ್ಚು ಮಾಡುವವರನ್ನು ಉದ್ಯಮ ‘ತಿಮಿಂಗಿಲ’ ಎಂದು ಕರೆಯುತ್ತದೆ. ಆ ಪದವನ್ನು ಅದು ಎರವಲು ತಂದದ್ದು ಜೂಜಿನ ಕ್ಯಾಸಿನೊಗಳಿಂದ, ಎರವಲು ಪದದೊಂದಿಗೇ ನಿಂತಿಲ್ಲ ಎನ್ನುವುದು ಬೇರೆ ಮಾತು.

ಒಳಗೆ ಏನಿದೆಯೆಂದು ತಿಳಿಯದೆ ಕೊಳ್ಳುವ ‘ಲೂಟ್ ಬಾಕ್ಸ್’ ಎಂಬ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಎಂದು ಘೋಷಿಸಿತು. ಚೀನಾ 2021ರಲ್ಲಿ ಇನ್ನೂ ಮುಂದೆ ಹೋಗಿ, 18 ತುಂಬದವರು ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾ ದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟ ಆಡಬಹುದೆಂದಿತು. ಅಮೆರಿಕದಲ್ಲಿ ಎಪಿಕ್ ಕಂಪನಿಯೇ 2022ರಲ್ಲಿ 52 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು; ಮಕ್ಕಳ ಖಾಸಗಿತನ ಕಾಪಾಡದ್ದಕ್ಕೆ ಒಂದು ಪಾಲು, ತಪ್ಪಿ ಒತ್ತಿದರೂ ಖರೀದಿಯಾಗುವಂತೆ ಗುಂಡಿಗಳನ್ನು ಇಟ್ಟಿದ್ದಕ್ಕೆ ಇನ್ನೊಂದು. ಆ್ಯಪಲ್‌ನ ಸುಂಕದ ವಿರುದ್ಧ ಕೂಗಿದವರ ಅಂಗಡಿಯ ತಕ್ಕಡಿಯೂ ನೆಟ್ಟಗಿರಲಿಲ್ಲ.

ಇಷ್ಟು ಹಣ ಹರಿಯುವ ಉದ್ಯಮ ಈಗ ಏಕೆ ಅಳುತ್ತಿದೆ ಎಂಬುದು ಹೊರಗಿನವರಿಗೆ ತಿಳಿಯದ ಸಂಗತಿ. ಒಂದು ಕಾರಣ ಖರ್ಚು. ದೊಡ್ಡ ಆಟಗಳ ಬಜೆಟ್ಟನ್ನು ಕಂಪನಿಗಳು ಹೊರಗೆ ಬಿಡುವುದಿಲ್ಲ. 2023ರಲ್ಲಿ ನ್ಯಾಯಾಲಯಕ್ಕೆ ಸಲ್ಲಿಸಿದ ಕಾಗದದಲ್ಲಿ ಸೋನಿಯ ಗುಟ್ಟಿನ ಅಂಕಿಗಳ ಮೇಲೆ ಯಾರೋ ಕಪ್ಪು ಮಾರ್ಕರ್ ಪೆನ್ನಿನಿಂದ ಗೀಚಿ ಮುಚ್ಚಿದ್ದರು. ಸ್ಕ್ಯಾನ್ ಮಾಡಿದಾಗ ಶಾಯಿಯ ಅಡಿಯಿಂದ ಎಲ್ಲವೂ ಕಂಡಿತು. ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗಕ್ಕೆ ತಗುಲಿದ್ದು 22 ಕೋಟಿ ಡಾಲರ್. ನೂರಾರು ಜನ ಐದಾರು ವರ್ಷ ದುಡಿದು ಒಂದೇ ಆಟ ತಂದು, ಅದು ಓಡದಿದ್ದರೆ ಸ್ಟುಡಿಯೊದ ಬಾಗಿಲಿಗೆ ಬೀಗ. ಸೋನಿಯ ‘ಕಾಂಕಾರ್ಡ್’ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಕೊಂಡವರಿಗೆಲ್ಲ ಹಣ ವಾಪಸ್. ಎರಡು ವಾರ ಓಡುವುದು ನಮ್ಮ ಗಾಂಧಿನಗರದಲ್ಲಿ ಅಷ್ಟೇನೂ ನಾಚಿಕೆಯ ಸಂಗತಿಯಲ್ಲ, ಆದರೆ ಅಲ್ಲಿ ಮುಳುಗುವ ಮೊತ್ತವೇ ಬೇರೆ.

ಎರಡನೆಯ ಕಾರಣ ಹೊತ್ತು. ಇಂದು ಜನ ಆಡುತ್ತಿರುವ ದೊಡ್ಡ ಆಟಗಳ ಹುಟ್ಟಿದ ವರ್ಷ ನೋಡಿದರೆ ಸಾಕು: ರೋಬ್ಲಾಕ್ಸ್ 2006, ಮೈನ್‌ಕ್ರಾಫ್ಟ್ 2011, ಜಿಟಿಎ ಐದನೆಯದು 2013, ಫೋರ್ಟ್‌ನೈಟ್ 2017. ಗೆಳೆಯರು ಅಲ್ಲೇ ಇದ್ದಾರೆ, ಕೊಂಡ ವೇಷಗಳೂ ಅಲ್ಲೇ ಇವೆ. ಅಲ್ಲಿಂದ ಹುಡುಗನನ್ನು ಎಬ್ಬಿಸಿ 70 ಡಾಲರಿನ ಹೊಸ ಆಟಕ್ಕೆ ಕರೆತರುವುದು ಹೇಗೆ? ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತ ಜನ ಆಡಿದ್ದನ್ನು ನೋಡಿ ಕಂಪನಿಗಳು ಸಾವಿರಾರು ಜನರನ್ನು ಕೆಲಸಕ್ಕೆ ತೆಗೆದುಕೊಂಡವು. ಬಾಗಿಲು ತೆರೆದಾಗ ಜನ ಹೊರಗೆ ಹೋದರು. ಮೈಕ್ರೊಸಾಫ್ಟ್ 6,870 ಕೋಟಿ ಡಾಲರಿಗೆ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು ಕೊಂಡು ಮುಗಿಸಿದ್ದು 2023ರ ಅಕ್ಟೋಬರಿನಲ್ಲಿ. ಹೆಸರು ಹಾಕಲಿಲ್ಲವೆಂದು ಸಿಟ್ಟಾಗಿ ಹೊರಬಂದ ಆ ನಾಲ್ವರ ಕಂಪನಿ ಇದೇ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಆಟದ ವಿಭಾಗದ 1,900 ಜನರಿಗೆ ಕೆಲಸ ಹೋಯಿತು. ಫುಟ್‌ಬಾಲ್ ಆಟಗಳಿಗೆ ಹೆಸರಾದ ಇ.ಎ. ಕಂಪನಿಯನ್ನು 5,500 ಕೋಟಿ ಡಾಲರಿಗೆ ಕೊಳ್ಳುವುದಾಗಿ 2025ರ ಸೆಪ್ಟೆಂಬರಿನಲ್ಲಿ ಸೌದಿ ಅರೇಬಿಯಾದ ಸರಕಾರಿ ನಿಧಿ ಮತ್ತದರ ಜೊತೆಗಾರರು ಘೋಷಿಸಿದರು. ಅದರಲ್ಲಿ 2,000 ಕೋಟಿ ಸಾಲದ ಹಣ. ಆ ಸಾಲ ತೀರಿಸುವವರು ಯಾರು ಎಂದು ಕೇಳಿದರೆ, ವೇಷ ಕೊಳ್ಳುವ ಹುಡುಗರು ಎನ್ನದೆ ಬೇರೆ ಉತ್ತರವಿಲ್ಲ.

ದೊಡ್ಡವರು ಹೀಗೆ ಏದುಸಿರು ಬಿಡುವಾಗ ಸಣ್ಣವರು ಸದ್ದಿಲ್ಲದೆ ಗೆದ್ದಿದ್ದಾರೆ. ಹೊಲ ಉಳುವ, ಕೋಳಿ ಸಾಕುವ ‘ಸ್ಟಾರ್ಡ್ಯೂ ವ್ಯಾಲಿ’ಯನ್ನು ಎರಿಕ್ ಬರೋನ್ ನಾಲ್ಕೂವರೆ ವರ್ಷ ಒಬ್ಬರೇ ಕೂತು ಮಾಡಿದರು: ಚಿತ್ರ, ಸಂಗೀತ, ಮಾತು, ಕೋಡ್ ಎಲ್ಲವೂ ಒಂದೇ ಕೈ. ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಿದೆ. ಇಸ್ಪೀಟಿನ ಎಲೆಗಳನ್ನೇ ಬಂಡವಾಳ ಮಾಡಿಕೊಂಡ ‘ಬಲಾಟ್ರೊ’ ಕೂಡ ಒಬ್ಬನ ಕೆಲಸ. ಫ್ರಾನ್ಸಿನ ಮೊಂಪೆಲಿಯೆ ನಗರದ ಸುಮಾರು 30 ಜನರ ತಂಡದ ‘ಕ್ಲೇರ್ ಒಬ್‌ಸ್ಕ್ಯೂರ್’ 2025ರಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಪಡೆಯಿತು. ಚೀನಾದ ಹಳೆಯ ಕಪಿವೀರನ ಕಥೆಯನ್ನು ಹಿಡಿದ ‘ಬ್ಲ್ಯಾಕ್ ಮಿತ್: ವುಕಾಂಗ್’ 2024ರಲ್ಲಿ ಮೂರೇ ದಿನಕ್ಕೆ ಒಂದು ಕೋಟಿ ಪ್ರತಿ ಮಾರಿತು. ಹನುಮಂತನ ನಾಡಿನಿಂದ ಅಂಥದ್ದೊಂದು ಏಕೆ ಬಂದಿಲ್ಲ ಎಂದು ಕೇಳುವವರಿದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ ಎಂಬ ಚಂದದ ಆಟ ತಂದಿತ್ತು; ಪ್ರತಿಭೆಯ ಕೊರತೆಗಿಂತ ತಾಳ್ಮೆಯ ಹಣದ ಕೊರತೆ ದೊಡ್ಡದು.

ಬೆಂಗಳೂರಿನ ಕಥೆ ಇದಕ್ಕೆ ಸಾಕ್ಷಿ. 1997ರಲ್ಲಿ, ಗೇಮ್ ಮಾಡುವುದೂ ಒಂದು ಉದ್ಯೋಗವೇ ಎಂದು ಮನೆಯವರು ಕೇಳುತ್ತಿದ್ದ ಕಾಲದಲ್ಲಿ, ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದರು. ಅದರ ದುಡಿಮೆ ಬಹುತೇಕ ಹೊರದೇಶದ ಆಟಗಳಿಗೆ: ಅಲ್ಲಿನವರು ಕಥೆ, ನಿಯಮ ಬರೆಯುತ್ತಾರೆ, ಅದರೊಳಗಿನ ಕಾರು, ಮರ, ಹಡಗು, ಗೋಡೆಯ ಮೇಲಿನ ತುಕ್ಕು ಇಲ್ಲಿ ತಯಾರಾಗುತ್ತದೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈ ಸೇರಿದ ಆ ಕಂಪನಿಯನ್ನು 2019ರಲ್ಲಿ ಜಿಟಿಎ ತಯಾರಕರಾದ ರಾಕ್‌ಸ್ಟಾರ್ 79 ಲಕ್ಷ ಡಾಲರಿಗೆ ಕೊಂಡು, ಬೆಂಗಳೂರಿನಲ್ಲಿ ಮೊದಲೇ ಇದ್ದ ತನ್ನ ಶಾಖೆಗೆ ಸೇರಿಸಿಕೊಂಡಿತು. ಇಪ್ಪತ್ತೆರಡು ವರ್ಷ ಕಟ್ಟಿದ ಮನೆಗೆ ಸಿಕ್ಕ ಬೆಲೆ, ಜಿಟಿಎ ಐದನೆಯ ಭಾಗ ಮೊದಲ ಮೂರು ದಿನದಲ್ಲಿ ತಂದ 100 ಕೋಟಿ ಡಾಲರಿನ ನೂರರಲ್ಲೊಂದು ಪಾಲೂ ಅಲ್ಲ. ಕಟ್ಟೆ ಯಾರದ್ದೋ ಅವರದ್ದೇ ಹಣ. ಇಟ್ಟಿಗೆ ಹೊತ್ತವರದ್ದು ಕೂಲಿ.

ಈಗ ಆ ಕೂಲಿಗೂ ಸಂಚಕಾರ ಬಂದಂತಿದೆ. ಪೀಪಾಯಿ, ಕುರ್ಚಿ, ಬಂಡೆಗಳನ್ನು ಸಾವಿರಾರು ಬಗೆಯಲ್ಲಿ ಚಿತ್ರಿಸುವ ಕೆಲಸವೇ ಕೃತಕ ಬುದ್ಧಿಮತ್ತೆಯ ಕಣ್ಣು ಮೊದಲು ಬಿದ್ದ ಜಾಗ. ಅಮೆರಿಕದಲ್ಲಿ ಆಟಗಳಿಗೆ ದನಿ, ಅಭಿನಯ ಕೊಡುವ ಕಲಾವಿದರು ತಮ್ಮ ದನಿಯನ್ನು ಯಂತ್ರ ನಕಲು ಮಾಡದಂತೆ ರಕ್ಷಣೆ ಕೇಳಿ 2024ರ ಜುಲೈನಿಂದ ಹೆಚ್ಚುಕಡಿಮೆ ಒಂದು ವರ್ಷ ಮುಷ್ಕರ ಹೂಡಿ, ಒಪ್ಪಿಗೆಯಿಲ್ಲದೆ ನಕಲು ಕೂಡದೆಂಬ ಕರಾರು ಪಡೆದರು. ಗೋಡೆಯ ತುಕ್ಕು ಬಿಡಿಸುವವರಿಗೆ ಅಂಥ ಸಂಘವಿಲ್ಲ.

ಭಾರತ ಮೊಬೈಲ್ ಆಟಗಳನ್ನು ಇಳಿಸಿಕೊಳ್ಳುವುದರಲ್ಲಿ ಜಗತ್ತಿಗೇ ಮುಂದು, ದುಡ್ಡು ಕೊಡುವುದರಲ್ಲಿ ಬಹಳ ಹಿಂದು. ಹಾಗಾಗಿ ಇಲ್ಲಿ ನಿಜವಾದ ಹಣ ಹರಿದದ್ದು ಪಣ ಕಟ್ಟುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಕಡೆಗೆ. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಮರುವರ್ಷ ಹೈಕೋರ್ಟ್ ರದ್ದು ಮಾಡಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಮೂರೇ ದಿನಗಳ ಅವಧಿಯಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ತಂದು ಪಣದ ಆಟಗಳನ್ನು ನಿಲ್ಲಿಸಿತು. ಫ್ಯಾಂಟಸಿ ಕ್ರಿಕೆಟ್ ನಡೆಸುತ್ತಿದ್ದ ಡ್ರೀಮ್ 11ರ ಹೆಸರು ಕ್ರಿಕೆಟಿಗರ ಅಂಗಿಯಿಂದ ಮಾಯವಾಯಿತು. ಪಣವಿಲ್ಲದ ಆಟ, ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಉತ್ತೇಜನದ ಮಾತಾಡುತ್ತದೆ. ಬಿಜಿಎಂಐನ ಯುಸಿಗೆ ಯಾವ ತಡೆಯೂ ಇಲ್ಲ. ವೇಷ ಕೊಂಡವನಿಗೆ ಹಣ ಮರಳಿ ಬರುವ ಆಸೆಯೇ ಇಲ್ಲವಲ್ಲ, ಹಾಗಾಗಿ ಅದು ಜೂಜಲ್ಲ.

ಕೊಂಡದ್ದು ಉಳಿಯುತ್ತದೆಯೇ ಎಂಬುದು ಇನ್ನೊಂದು ಜಗಳ. ಯೂಬಿಸಾಫ್ಟ್ 2014ರಲ್ಲಿ ಮಾರಿದ ‘ದಿ ಕ್ರೂ’ ಕಾರಿನ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ಆರಿಸಿತು. ಪೂರ್ತಿ ಬೆಲೆ ತೆತ್ತವರ ಕಪಾಟಿನಲ್ಲಿರುವ ಡಿಸ್ಕ್ ಈಗ ಚಹಾ ಲೋಟದ ಅಡಿಗಿಡಲು ಬಂದೀತು. ಇದನ್ನು ಪ್ರಶ್ನಿಸಿ ಯುರೋಪಿನಲ್ಲಿ ಶುರುವಾದ ಅರ್ಜಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿವೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಮಾರುತ್ತಿರುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಎಂದು ಅಂಗಡಿಗಳು ಬಾಯಿಬಿಟ್ಟು ಹೇಳಬೇಕಾಗಿದೆ.

ಸದ್ಯಕ್ಕೆ ಇಡೀ ಉದ್ಯಮ ಕಣ್ಣಿಟ್ಟಿರುವುದು ಜಿಟಿಎ ಆರನೆಯ ಭಾಗದ ಮೇಲೆ. 2025ಕ್ಕೆ ಎಂದಿದ್ದದ್ದು 2026ರ ಮೇ ತಿಂಗಳಿಗೆ ಹೋಗಿ, ಅಲ್ಲಿಂದ ನವೆಂಬರ್ 19ಕ್ಕೆ ಜಾರಿದೆ. ಆ ದಿನದ ಆಸುಪಾಸಿನಲ್ಲಿ ತಮ್ಮ ಆಟ ಬಿಡಲು ಉಳಿದ ಕಂಪನಿಗಳಿಗೆ ಧೈರ್ಯವಿಲ್ಲ. ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯ ಹಿಂದಿನ ದೊಡ್ಡ ಆಟ ‘ರೆಡ್ ಡೆಡ್ ರಿಡೆಂಪ್ಷನ್ 2’ ಮುಗಿದಾಗ ಪರದೆಯ ಮೇಲೆ ಹೆಸರುಗಳು ಅರ್ಧ ಗಂಟೆ ಓಡುತ್ತವೆ. ಅದರಲ್ಲಿ ಬೆಂಗಳೂರಿನವರ ಹೆಸರುಗಳೂ ಇವೆ, ತಾಳ್ಮೆಯಿಂದ ಕೂತು ನೋಡಿದರೆ.